ಕಿಟಕಿಯಿಂದ ಮಾರಿದ ಮಗ

ಮಗನಿಗೆ ಪ್ರೊದಾನ್ ಎಂದು ಹೆಸರಿಟ್ಟ ದಿನದಿಂದಲೂ ಪೆರ್ಸಿದಾಗೆ ಪಕ್ಕದ ಮನೆಯ ಸ್ತಾಮೆನಾಳ ಮೇಲೆ ಒಂದು ಕಣ್ಣು. ಅವರ ಸರ್ಬಿಯನ್ ಮಾತಿನಲ್ಲಿ ಪ್ರೊದಾನ್ ಅಂದರೆ ಮಾರಾಟವಾದವನು. ತಿಮೊಕ್ ಕಣಿವೆಯ ಆ ಹಳ್ಳಿಯಲ್ಲಿ ಆ ಹೆಸರು ಆಗಲೇ ಅಪರೂಪವಾಗಿತ್ತು. ಮನೆಯಲ್ಲಿ ಹುಟ್ಟಿದ ಕೂಸುಗಳು ಒಂದೂ ನಿಲ್ಲದಿದ್ದಾಗ ಮಾತ್ರ ಇಡುತ್ತಿದ್ದ ಹೆಸರು ಅದು.

ಪೆರ್ಸಿದಾಳ ಮೂರು ಕೂಸುಗಳು ಎದೆಹಾಲು ಬಿಡುವ ಮೊದಲೇ ತೀರಿಕೊಂಡಿದ್ದವು. ನಾಲ್ಕನೆಯದು ಹುಟ್ಟಿದಾಗ ಅತ್ತೆ ಯಾರನ್ನೂ ಕೇಳದೆ ಅದನ್ನೆತ್ತಿ ಕಿಟಕಿಯಿಂದಾಚೆ ನೀಡಿದಳು. ಹೊರಗೆ ನಿಂತಿದ್ದ ಸ್ತಾಮೆನಾ, ಆಗಿನ್ನೂ ಪಕ್ಕದ ಮನೆಯ ಹೊಸ ಸೊಸೆ, ಒಂದು ದಿನಾರ್ ಕೊಟ್ಟು ಕೂಸನ್ನು ಕೊಂಡಳು. ಮನೆ ಸುತ್ತಿ ಬಾಗಿಲಿನಿಂದ ಒಳಬಂದು, "ಇದು ನನ್ನ ಮಗು. ನಿಮ್ಮನೇಲಿಟ್ಟು ಸಾಕ್ಕೊಡಿ" ಅಂದಳು. ಈ ಮನೆಯ ಮಕ್ಕಳನ್ನು ಹುಡುಕಿಕೊಂಡು ಬರುವ ಸಾವು, ಇದು ಪರರ ಕೂಸು ಅಂದುಕೊಂಡು ಹಿಂತಿರುಗಲಿ ಎಂದು.

ಮಗು ಉಳಿಯಿತು. ಆದರೆ ಪೆರ್ಸಿದಾಳ ನೆಮ್ಮದಿ ಹೋಯಿತು. ಸ್ತಾಮೆನಾ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದರೆ ಒಳಮಗ್ಗಲು ತಿರುಗಿಸಿ, ಮಾಟದ ದಾರವೇನಾದರೂ ಇದೆಯೇ ಎಂದು ಬೆರಳಾಡಿಸುವಳು. ಹುಡುಗ ಅಲ್ಲಿ ಏನಾದರೂ ತಿಂದು ಬಂದರೆ ಬಾಯಿ ಮೂಸಿ ನೋಡುವಳು. ಸ್ತಾಮೆನಾಗೆ ಮಕ್ಕಳಾಗಲಿಲ್ಲ, ಗಂಡನೂ ತೀರಿಹೋದ. ಅನುಮಾನ ಇನ್ನೂ ಬಲಿಯಿತು. ಬಾವಿಯ ಹತ್ತಿರ ಹೆಂಗಸರು ಕೆಣಕುವರು: "ದುಡ್ಡು ಕೊಟ್ಟವಳು ಮಾಲು ಎತ್ಕೊಂಡು ಹೋಗ್ದೆ ಬಿಡ್ತಾಳೇನೇ, ಪೆರ್ಸಿದಾ?"

ಪ್ರೊದಾನ್ ಬೆಳೆದು ಪೀಪಾಯಿ ಮಾಡುವ ಕಸುಬು ಹಿಡಿದ. ಮೂವತ್ತು ದಾಟಿದ ಮೇಲೆ ಒಂದು ಸಲ, ಪ್ಲಮ್ ಹಣ್ಣು ಉದುರುವ ಕಾಲದಲ್ಲಿ, ಬೆಳಗಾದರೆ ಸಾಕು ಬೇಲಿ ದಾಟಿ ಸ್ತಾಮೆನಾಳ ಹಿತ್ತಿಲಿಗೆ ಹೋಗತೊಡಗಿದ.

"ಅಲ್ಲೇನೋ ಕೆಲಸ ನಿಂಗೆ?"

"ಏನಿಲ್ಲಮ್ಮ. ಕೊಟ್ಟಿಗೆ ಹಲಗೆ ಒಂದು ಸಡಿಲ ಆಗಿದೆ."

"ದಿನಾ ಅದೇ ಹಲಗೇನೇ ಸಡಿಲ ಆಗತ್ತಾ?"

ಅವನು ಎದ್ದು ಹೋದ. ಗಂಡ ಬಿಟ್ಟುಹೋದ ದ್ರಾಕ್ಷಿ ತೋಟದ ಆಸೆ ತೋರಿಸಿ ಸ್ತಾಮೆನಾಳೇ ಇವನನ್ನು ಸೆಳೆಯುತ್ತಿದ್ದಾಳೆ ಎಂದು ಪೆರ್ಸಿದಾಗೆ ಖಾತ್ರಿಯಾಯಿತು. ಮರುದಿನ ಹಿಂದೆಯೇ ಹೋಗಿ ಕೊಟ್ಟಿಗೆಯ ಸಂದಿಯಿಂದ ಇಣುಕಿದಳು. ಪ್ರೊದಾನ್ ಹಾಲು ಕರೆಯುತ್ತಿದ್ದ. ಸ್ತಾಮೆನಾ ಗೋಡೆ ತಡವುತ್ತ ಬಂದು, ಎದುರಿಗೇ ಇದ್ದ ಬಕೆಟ್ಟಿಗಾಗಿ ಗಾಳಿಯಲ್ಲಿ ಕೈಯಾಡಿಸಿದಳು.

ಪೆರ್ಸಿದಾ ಒಳಗೆ ನುಗ್ಗಿದಳು. "ಕಣ್ಣು ಕಾಣ್ಸಲ್ವೇನೇ ನಿಂಗೆ?"

"ಮೆಲ್ಲಗೆ ಮಾತಾಡು, ಅಕ್ಕ. ಮೈದುನಂಗೆ ಗೊತ್ತಾದ್ರೆ ನನ್ನ ಪಟ್ಟಣಕ್ಕೆ ಸಾಗಿಸಿ ಮನೆಗೆ ಬೀಗ ಹಾಕ್ತಾನೆ. ಯಾರಿಗೂ ಹೇಳ್ಬೇಡ ಅಂತ ನಾನೇ ಇವನ ಹತ್ರ ಮಾತು ತಗೊಂಡೆ."

"ನನ್ನ ಮಗನ್ನ ಕಿತ್ಕೊಳ್ತೀಯ ಅಂತ ಇಷ್ಟು ವರ್ಷ ನಿನ್ನ ಮೇಲೆ ಕಣ್ಣಿಟ್ಟಿದೀನಿ ಕಣೆ."

"ನಾನೂ ನಿನ್ನ ಮೇಲೆ ಅನುಮಾನ ಪಟ್ಟೇ ಬದುಕಿದೀನಿ," ಸ್ತಾಮೆನಾ ಹುಲ್ಲಿನ ಮೇಲೆ ಕೂತಳು. "ಕೂಸಿನ ಜೊತೆ ನಿಮ್ಮನೆ ಪೀಡೇನೂ ನನ್ನ ಮಡಿಲಿಗೆ ಹಾಕಿದ್ರಿ ಅನ್ಕೊಂಡೆ. ಆಮೇಲೆ ನಂಗೊಂದೂ ಹುಟ್ಲಿಲ್ವಲ್ಲ. ನಿಂಗೆ ಮೊದಲೇ ಗೊತ್ತಿತ್ತಾ?"

ಪೆರ್ಸಿದಾಗೆ ತಟ್ಟನೆ ಅತ್ತೆಯ ಮಾತು ನೆನಪಾಯಿತು. ಕೂಸನ್ನು ಕಿಟಕಿಯತ್ತ ಒಯ್ಯುವಾಗ, ಕೊಳ್ಳುವವಳು ನಮ್ಮ ರಕ್ತದವಳಾಗಬಾರದು ಅಂದಿದ್ದಳು ಆಕೆ. ಯಾಕೆ ಅಂತ ಕೇಳಿದಾಗ ಬಾಯಿ ಬಿಟ್ಟಿರಲಿಲ್ಲ. ಪೆರ್ಸಿದಾ ಎರಡನೆಯ ಸಲ ಕೇಳಿರಲಿಲ್ಲ.

"ಇಲ್ಲ," ಅಂದಳು. ಆ ಮಾತು ಎಷ್ಟು ನಿಜವೋ ಅವಳಿಗೇ ಗೊತ್ತಾಗಲಿಲ್ಲ.

"ಹಸು ಬೆದರ್ತಾ ಇದೆ. ಇಬ್ರೂ ಆಚೆ ಹೋಗಿ ಮಾತಾಡ್ಕೊಳ್ಳಿ," ಅಂದ ಪ್ರೊದಾನ್.

ಮರುದಿನದಿಂದ ಹಾಲು ಕರೆಯಲು ಪೆರ್ಸಿದಾಳೇ ಹೋದಳು. ಸ್ತಾಮೆನಾಳ ಮೈದುನ ವಿಚಾರಿಸಲು ಬಂದಾಗ ಅವನನ್ನು ಗೇಟಿನಲ್ಲೇ ತಡೆದು, "ಅವಳ ಕಣ್ಣಿಗೇನಾಗಿದೆ? ನನಗಿಂತ ಚೆನ್ನಾಗಿ ಕಾಣತ್ತೆ" ಎಂದು ಸಾಗಹಾಕಿದಳು. ಕೆಲಸ ಮುಗಿದ ಮೇಲೆ ಇಬ್ಬರೂ ಕೂತು ಕಾಫಿ ಕುಡಿಯುವರು. ಸ್ತಾಮೆನಾ ಬಟ್ಟಲಿನ ಅಂಚಿಗೆ ಬೆರಳಿಟ್ಟು ಅಂದಾಜಿನಲ್ಲೇ ಕಾಫಿ ಬಗ್ಗಿಸುವಳು. ಹಳೆಯ ಅನುಮಾನ ಬಿಡದ ಪೆರ್ಸಿದಾ ಸದ್ದಾಗದಂತೆ ಎರಡೂ ಬಟ್ಟಲನ್ನು ಅದಲುಬದಲು ಮಾಡುವಳು.

"ಇವತ್ತೂ ಬದಲಾಯಿಸಿದ್ಯಾ, ಅಕ್ಕ?" ಎಂದು ಕೇಳಿ ಸ್ತಾಮೆನಾ ತನ್ನ ಮುಂದಿದ್ದುದನ್ನು ಎತ್ತಿ ಕುಡಿಯುವಳು.