ಬೋಟಿನಲ್ಲಿ ಅವ್ವನ ಬೀಗರ ಪದ

ದಡದಲ್ಲಿ ಹಾಡು ಹಚ್ಚಿದರೆ ಆಕೆ ಎದ್ದು ಹೋಗುತ್ತಾಳೆ. ಮನೆಯಲ್ಲಿ ಹಚ್ಚಿದರೆ ಟಿವಿ ಜೋರು ಮಾಡುತ್ತಾಳೆ. ನಡುಹೊಳೆಯಲ್ಲಿ ಹಚ್ಚಿದರೆ ಎಲ್ಲಿಗೆ ಹೋಗುತ್ತಾಳೆ ನೋಡೋಣ ಎಂದುಕೊಂಡೆ. ತಂಗಿಯ ಮಗನ ಜವಳವನ್ನು ಹೊಳೆದಂಡೆಯ ಗೂಗಲ್ ಊರಿನ ಗುಡಿಯಲ್ಲಿ ತೆಗೆಸುತ್ತಾರೆ, ಕೂದಲು ಬಿಡಲು ಎರಡೂ ಮನೆಯವರು ಬೋಟಿನಲ್ಲಿ ಕೃಷ್ಣೆಯ ನಡುವಿಗೆ ಹೋಗುತ್ತಾರೆ ಎಂಬ ಸುದ್ದಿ ಬಂದ ದಿನವೇ ನನಗೆ ಈ ಯೋಚನೆ ಹೊಳೆಯಿತು. ‘ಆಕೆ’ ಎಂದರೆ ತಂಗಿಯ ಅತ್ತೆ, ಮಾನ್ವಿಯ ನಮ್ಮ ಬೀಗಿತ್ತಿ. ಹಾಡು ನಮ್ಮವ್ವನದು. ಆ ಹಾಡನ್ನು ಆಕೆ ಕೂತು ಪೂರ್ತಿ ಕೇಳಬೇಕು ಎನ್ನುವುದು ನನ್ನ ಹಟ.

ನನ್ನ ಸಿಟ್ಟು ಬೇಗ ಬರುತ್ತದೆ, ಬಂದಮೇಲೆ ಮನೆಯವರಂತೆ ಇದ್ದುಬಿಡುತ್ತದೆ. ಈ ಸಿಟ್ಟು ಬಂದದ್ದು ತಂಗಿಯ ಮದುವೆಯಲ್ಲಿ. ನಮ್ಮ ಕಡೆ ಬೀಗರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಬೀಗರ ಪದ ಹಾಡುತ್ತಾರೆ. ಬೀಗರ ಮೂಗು, ನಡಿಗೆ, ಜಿಪುಣತನ ಯಾವುದನ್ನೂ ಬಿಡುವುದಿಲ್ಲ. ಅನ್ನಿಸಿಕೊಂಡವರು ಸಿಟ್ಟಾಗುವಂತಿಲ್ಲ. ಹಾಡಿಗೆ ಹಾಡಿನಲ್ಲೇ ಉತ್ತರ ಹೇಳಬೇಕು. ಹೇಳಲು ಬರದಿದ್ದರೆ ಸೋತೆ ಎಂದು ಒಪ್ಪಿ, ಹಾಡಿದವಳಿಗೆ ಕುಂಕುಮ ಹಚ್ಚಿ ಕುಪ್ಪಸದ ಬಟ್ಟೆ ಕೊಡಬೇಕು. ನಮ್ಮೂರು ಯಾಪಲದಿನ್ನಿಯ ಕಡೆ ಅವ್ವನಿಗೆ ಹೀಗೆ ಬಂದ ಕುಪ್ಪಸದ ಬಟ್ಟೆಗಳಿಂದ ಒಂದು ಟ್ರಂಕು ತುಂಬಿತ್ತು. ಇಡೀ ದಿನ ಕೂಲಿಗೆ ಮೆಣಸಿನಕಾಯಿ ಹರಿದು ಬಂದವಳು ಸಂಜೆ ಮದುವೆಮನೆಯಲ್ಲಿ ನಿಂತರೆ ಅವಳ ಮುಂದೆ ಯಾವ ಬೀಗರಿಗೂ ಬಾಯಿ ಬರುತ್ತಿರಲಿಲ್ಲ.

ಸ್ವಂತ ಮಗಳ ಮದುವೆಗೆ ಅವ್ವ ಹೊಸ ಪದ ಕಟ್ಟಿದ್ದಳು. ಹೆಣ್ಣು ನೋಡಲು ಬಂದ ದಿನ ಬೀಗಿತ್ತಿಗೆ ಹೊಸ ಕಾರಿನ ಬಾಗಿಲು ಒಳಗಿನಿಂದ ತೆಗೆಯಲು ಬಂದಿರಲಿಲ್ಲ. ಗಂಡಸರೆಲ್ಲ ಇಳಿದು ಮನೆಯೊಳಗೆ ಬಂದು ನೀರು ಕುಡಿದರೂ ಆಕೆ ಕಾರಿನಲ್ಲೇ ಕೂತಿದ್ದಳು. ಅದನ್ನು ಅವ್ವ ಅಡುಗೆಮನೆ ಕಿಟಕಿಯಿಂದ ನೋಡಿದ್ದಳು.

*ಕಾರಿನ್ಯಾಗ ಬಂದಾಳ ನಮ ಬೀಗತಿ ನೋಡ*
*ಬಾಗಿಲ ತೆಗಿಯಾಕ ಬರಲಿಲ್ಲ, ಕಿಡಕ್ಯಾಗ*
*ಇಣಿಕಿ ಕರದಾಳ ಬೀಗನ್ನ.*

ಮಾನ್ವಿಯ ಆ ದೊಡ್ಡ ಕಲ್ಯಾಣ ಮಂಟಪದಲ್ಲಿ ಅವ್ವ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಮೊದಲ ಸಾಲು ಎತ್ತಿದ್ದಳು, ಅಷ್ಟೇ. ಬೀಗಿತ್ತಿ ಎಲೆಯ ಮುಂದಿನಿಂದಲೇ ಕೂಗಿದಳು. “ಏ, ಮೈಕ್ ಬಂದ್ ಮಾಡಪಾ. ಈ ಕೂಲಿ ಮಂದಿ ಪದ ಎಲ್ಲಾ ಅವರ ಓಣ್ಯಾಗ ಇಟ್ಕೊಳ್ಳಿ. ದೊಡ್ಡ ದೊಡ್ಡ ಮಂದಿ ಬಂದಾರ ಇಲ್ಲಿ. ಡಿಜೆ ಹಚ್ಚು.” ಮೈಕು ಬಂದಾಯಿತು. ಡಿಜೆ ಶುರುವಾಯಿತು. ಅವ್ವನ ಬಾಯಿ ಇನ್ನೂ ತೆರೆದೇ ಇತ್ತು. ಅರಮನೆಯಲ್ಲಿ ಹುಟ್ಟಿದವಳಂತೆ ಮಾತಾಡಿದ ಬೀಗಿತ್ತಿ ತಾನೂ ಮದುವೆಗೆ ಮುಂಚೆ ಹತ್ತಿ ಬಿಡಿಸಿದವಳೇ.

“ಇರ್ಲಿ ಬಿಡ ಯವ್ವಾ, ಹೆಣ್ಣು ಕೊಟ್ಟ ಮಂದಿ ನಾವು” ಎಂದು ಅವ್ವ ನನಗೇ ಸಮಾಧಾನ ಹೇಳಿದಳು. ಅವಳು ಬಿಟ್ಟಳು. ನಾನು ಬಿಡಲಿಲ್ಲ.

ಮರುವರ್ಷ ಅವ್ವನ ಗಂಟಲಲ್ಲಿ ಗಡ್ಡೆ ಎದ್ದಿತು. ರಾಯಚೂರಿನಲ್ಲಿ ನನ್ನ ಮನೆಯಲ್ಲೇ ಇಟ್ಟುಕೊಂಡು ಆಪರೇಷನ್ ಮಾಡಿಸಿದೆ. ಗಡ್ಡೆ ಹೋಯಿತು, ಜೀವ ಉಳಿಯಿತು, ದನಿ ಮರಳಿ ಬರಲಿಲ್ಲ. ಈಗ ಅವಳ ಮಾತು ಬರೀ ಉಸಿರು. ಕಿವಿಯನ್ನು ಬಾಯಿಯ ಹತ್ತಿರ ಒಯ್ದರೆ ಮಾತ್ರ ಕೇಳುತ್ತದೆ. ಇನ್ನು ಅವ್ವ ಎದ್ದು ನಿಂತು ಯಾರಿಗೂ ಯಾವ ಪದವನ್ನೂ ಹಾಡುವಂತಿರಲಿಲ್ಲ.

ಆದರೆ ಆ ಪದ ನನ್ನ ಹತ್ತಿರ ಇತ್ತು. ಅವ್ವ ಹೊಲದಲ್ಲಿ ಎಫ್‌ಎಂ ಕೇಳಲಿ ಎಂದು ಹಿಂದೆ ಒಂದು ಪುಟ್ಟ ಪ್ಲೇಯರ್ ಕೊಡಿಸಿದ್ದೆ. ಎಲೆ ಅಡಿಕೆ ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು, ಅದರ ಗುಂಡಿಗಳಿಗೆಲ್ಲ ಸುಣ್ಣ ಅಂಟಿದೆ. ಅದರಲ್ಲಿ ದನಿ ಹಿಡಿಯುವ ಗುಂಡಿಯೂ ಇತ್ತು. ಮದುವೆಗೆ ಮುಂಚೆ ಅಡುಗೆಮನೆಯಲ್ಲಿ ಚಿಕ್ಕಮ್ಮಂದಿರಿಗೆ ಪದ ಕಲಿಸುತ್ತಿದ್ದಾಗ ಅದನ್ನು ಒತ್ತಿ ಡಬ್ಬಿಯ ಮೇಲೆ ಇಟ್ಟಿದ್ದೆ. ಕುಕ್ಕರಿನ ಸೀಟಿ, ಚಿಕ್ಕಮ್ಮನ ನಗು, ಎಲ್ಲವೂ ಅದರಲ್ಲಿತ್ತು. ಆಪರೇಷನ್ ಆದಮೇಲೆ ಅವ್ವ ಅದನ್ನು ಒಮ್ಮೆಯೂ ಕೇಳಿರಲಿಲ್ಲ, ನಾನೂ ಕೇಳಿಸಿರಲಿಲ್ಲ.

ಸೇಡು ತೀರಿಸಿಕೊಳ್ಳಲು ಹೋಗುವವರು ತಯಾರಿ ಮಾಡಿಕೊಳ್ಳಬೇಕು. ಜವಳದ ಹಿಂದಿನ ಭಾನುವಾರ ದೇವದುರ್ಗದ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಆಟೋದಲ್ಲಿ ಗೂಗಲ್ಲಿಗೆ ಹೋಗಿ ಬೋಟಿನವನನ್ನು ಹುಡುಕಿದೆ. ಯಾವುದೋ ಹಳೆಯ ಜೀಪಿನ ಸ್ಟೀರಿಯೋವನ್ನು ಅವನು ಕಟ್ಟಿಗೆ ಡಬ್ಬಿಯಲ್ಲಿ ಕೂರಿಸಿ ಎಂಜಿನ್ನಿನ ಬ್ಯಾಟರಿಗೆ ಜೋಡಿಸಿದ್ದ. ಎಡಗಡೆಯ ಹಲಗೆಯ ಕೆಳಗೆ ಒಂದು ಸ್ಪೀಕರ್, ಬಲಗಡೆಯ ಹಲಗೆಯ ಕೆಳಗೆ ಒಂದು.

“ಪೆನ್ ಡ್ರೈವ್ ಹಾಕೋ ಜಾಗ ನೀರು ಸಿಡದು ತುಕ್ಕು ಹಿಡದದ ಯಕ್ಕಾ. ಫೋನ್ ಇದ್ರ ತಾ, ಬ್ಲೂಟೂತ್‌ಗೆ ಹಚ್ತೀನಿ” ಎಂದ.

ಪ್ಲೇಯರ್ ತೋರಿಸಿದೆ. ಅದಕ್ಕೆ ಬ್ಲೂಟೂತ್ ಎಂದರೇನೆಂದೇ ಗೊತ್ತಿಲ್ಲ. ಹಾಡನ್ನು ನನ್ನ ಫೋನಿಗೆ ಹಾಕಿಕೊಳ್ಳಬಹುದಿತ್ತು. ಆದರೆ ಅಂದು ತಂಗಿಯ ಗಂಡ ಬೋಟು ಹತ್ತಿದ ಕೂಡಲೇ ತನ್ನ ಫೋನನ್ನು ಜೋಡಿಸಿಬಿಡುತ್ತಾನೆ, ಆ ಮನೆಯವರಿಗೆ ಡಿಜೆ ಇಲ್ಲದೆ ಉಸಿರಾಟವಿಲ್ಲ. ಒಂದು ಫೋನು ಹಿಡಿದುಕೊಂಡಿದ್ದಾಗ ಸ್ಟೀರಿಯೋ ಇನ್ನೊಂದನ್ನು ಒಳಗೆ ಬಿಡುವುದಿಲ್ಲ. ಡಬ್ಬಿಯ ಮುಂದೆ ಇಯರ್‌ಫೋನಿನ ಪಿನ್ನು ಹೋಗುವಂಥ ತೂತು ಕಂಡಿತು. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಮೊಬೈಲ್ ಅಂಗಡಿಯಿಂದ ಎರಡೂ ಕಡೆ ಪಿನ್ನಿರುವ ವೈರನ್ನು ಮೊದಲೇ ತಂದಿದ್ದೆ. ಒಂದು ತುದಿಯನ್ನು ಪ್ಲೇಯರಿಗೆ, ಇನ್ನೊಂದನ್ನು ಆ ತೂತಿಗೆ ಚುಚ್ಚಿದೆ. ಏನೂ ಬರಲಿಲ್ಲ. ಬೋಟಿನವನು ಮೋಡ್ ಗುಂಡಿ ಒತ್ತುತ್ತಾ ಹೋದ. ರೇಡಿಯೋ ಬಂತು, ಬ್ಲೂಟೂತ್ ಬಂತು, ಕೊನೆಗೆ ಆಕ್ಸ್ ಎಂದು ಬರೆದುಕೊಂಡಿತು. ಕೂಡಲೇ ಕುಕ್ಕರ್ ಸೀಟಿ ಹೊಡೆಯಿತು. ಅವನು ಬೆಚ್ಚಿ ಹಿಂದೆ ಸರಿದ.

ಇನ್ನೊಂದು ಸಂಗತಿಯೂ ಗೊತ್ತಾಯಿತು. ಪಿನ್ನನ್ನು ಪೂರ್ತಿ ಒತ್ತಿದರೆ ಎರಡೂ ಸ್ಪೀಕರ್ ಹಾಡುತ್ತವೆ, ಕೂದಲೆಳೆಯಷ್ಟು ಹೊರಗೆಳೆದರೆ ಎಡಗಡೆಯದು ಮಾತ್ರ. ನಾನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ.

“ಕೂದಲಾ ಬಿಡೂ ಮುಂದ ಎಂಜಿನ್ ಬಂದ್ ಮಾಡ್ತೀಯಲ್ಲ?” ಎಂದು ಕೇಳಿದೆ.

“ಹೂನ್ರೀ ಯಕ್ಕಾ, ಮಾಡಾಕ ಬೇಕು. ಎಂಜಿನ್ನಿನ ಅಲಿಗೆ ಕೂದಲದ ಎಲಿ ಮುಳುಗಿದ್ರ ಮಂದಿ ಬೈತಾರ.”

“ಆವಾಗ ಆ ಮೋಡ್ ಗುಂಡಿ ಆಕ್ಸ್ ಬರೋತನಕ ಒತ್ತು.”

ಜವಳದ ದಿನ ಗುಡಿಯಲ್ಲಿ ಪೂಜೆ, ಕೂಸಿನ ಅಳು, ಬೋಳುತಲೆಗೆ ಗಂಧ ಎಲ್ಲ ಮುಗಿಸಿ ಬೋಟು ಹತ್ತಿದೆವು. ನಾನು ಓಡಿಹೋಗಿ ಎಡಗಡೆಯ ಹಲಗೆಯ ಮೇಲೆ ಟವೆಲ್ಲು ಹಾಸಿ, “ಇಲ್ಲಿ ನೆಳ್ಳದ, ಬರ್ರಿ” ಎಂದು ಬೀಗಿತ್ತಿಯನ್ನು ಕೂರಿಸಿದೆ. ಆಕೆಗೆ ಮರ್ಯಾದೆ ಎಂದರೆ ಬಲು ಇಷ್ಟ. ಪಕ್ಕದಲ್ಲಿ ಆಕೆಯ ಅತ್ತೆ, ಹಲ್ಲಿಲ್ಲದ ಮುದುಕಿ, ಕೂತಳು. ಅವ್ವ ಎದುರಿನ ಹಲಗೆಯ ಮೇಲೆ. ತಂಗಿ ಕೂಸನ್ನು ಎತ್ತಿಕೊಂಡು ನಡುವೆ. ತಂಗಿಯ ಗಂಡ ನಾನು ಎಣಿಸಿದಂತೆಯೇ ಫೋನು ಜೋಡಿಸಿ ಡಿಜೆ ಹಾಡು ಹಚ್ಚಿದ. ನಾನು ಡಬ್ಬಿಗೆ ಒರಗಿ ಕೂತು, ಸೆರಗಿನ ಮರೆಯಲ್ಲಿ ಪಿನ್ನನ್ನು ಚುಚ್ಚಿ, ಕೂದಲೆಳೆಯಷ್ಟು ಹೊರಗೆಳೆದೆ.

ನಡುಹೊಳೆಯಲ್ಲಿ ಎಂಜಿನ್ನು ನಿಂತಿತು. ಕೂದಲನ್ನು ಅರಿಶಿನ ಕುಂಕುಮದ ಜೊತೆ ಎಲೆಯಲ್ಲಿಟ್ಟು ತೇಲಿಬಿಟ್ಟರು. ಎಲೆ ತಿರುಗುತ್ತಾ ಹೋಯಿತು. ನಾನು ಪ್ಲೇಯರ್ ಹಚ್ಚಿದೆ, ಬೋಟಿನವನು ಗುಂಡಿ ಒತ್ತಿದ.

ಅವ್ವನ ದನಿ ಬೀಗಿತ್ತಿಯ ಕುಂಡೆಯ ಕೆಳಗಿನಿಂದ ಎದ್ದು ಬಂತು.

ಆಕೆ ಚೇಳು ಕಡಿದವಳಂತೆ ಎದ್ದಳು. ಬೋಟು ವಾಲಿತು. ಎಲ್ಲರೂ “ಕುಂದರ್ರೀ, ಕುಂದರ್ರೀ” ಎಂದು ಕೂಗಿದರು. ಬೇರೆ ಜಾಗವಿರಲಿಲ್ಲ, ಮತ್ತೆ ಅಲ್ಲೇ ಕೂತಳು. ಕಾರಿನ ಬಾಗಿಲು ಬಂತು, ಕಿಟಕಿ ಬಂತು, ಇಣಿಕಿ ಕರೆದದ್ದು ಬಂತು. ಆಕೆಯ ಮುಖ ಮೊದಲು ಕೆಂಪಾಯಿತು, ಆಮೇಲೆ ಇದ್ದಿಲಿನಂತಾಯಿತು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಹಬ್ಬದೂಟಕ್ಕಿಂತ ಹೆಚ್ಚು ಖುಷಿಯಾಯಿತು ನನಗೆ, ಸುಳ್ಳೇಕೆ ಹೇಳಲಿ.

“ಏ, ಬಂದ್ ಮಾಡ್ರಿ ಅದನ್ನ!” ಎಂದಳು. ಅಂದೂ ಹೀಗೇ ಅಂದಿದ್ದಳು. ತಂಗಿಯ ಗಂಡ ತನ್ನ ಫೋನನ್ನು ಎಷ್ಟು ತಿಕ್ಕಿದರೂ ಹಾಡು ನಿಲ್ಲಲಿಲ್ಲ. ಬೋಟಿನವನು ಆಕಾಶ ನೋಡುತ್ತಿದ್ದ.

ಆಗ ತಂಗಿ ನನ್ನತ್ತ ಬಾಗಿದಳು. ಕಣ್ಣಲ್ಲಿ ನೀರಿತ್ತು. “ಯಕ್ಕಾ, ನಿನಗ ಕೈ ಮುಗಿತೀನಿ. ನಾ ಇವರ ಮನ್ಯಾಗ ಬಾಳ್ವಿ ಮಾಡ್ಬೇಕು. ತಗದುಬಿಡು.” ನನ್ನ ಸೇಡಿನ ಊಟ ನನಗೆ, ಅದರ ಮುಸುರೆ ತಿಕ್ಕುವವಳು ಅವಳು. ಕೈ ವೈರಿನ ಮೇಲೆ ಹೋಯಿತು.

ಆಗಲೇ ನಾನು ಅವ್ವನನ್ನು ನೋಡಿದ್ದು. ಅಲ್ಲಿಯತನಕ ಬೀಗಿತ್ತಿಯ ಮುಖ ನೋಡುವುದರಲ್ಲಿ ಅವಳನ್ನು ಮರೆತೇಬಿಟ್ಟಿದ್ದೆ. ಇಲ್ಲದ ದನಿಯನ್ನು ಹೀಗೆ ಎಲ್ಲರೆದುರು ಕೇಳಿಸಿ ನೋಯಿಸಿದೆನೇನೋ ಅನ್ನಿಸಿತು. ಆದರೆ ಅವ್ವನ ತುಟಿಗಳು ಹಾಡಿನ ಜೊತೆ ಆಡುತ್ತಿದ್ದವು, ಒಂದು ಮಾತೂ ತಪ್ಪದೆ. ಕೈಸನ್ನೆ ಮಾಡಿ ನನ್ನನ್ನು ಕರೆದಳು. ಕಿವಿಯನ್ನು ಅವಳ ಬಾಯಿಗೆ ಹಚ್ಚಿದೆ.

“ಜೋರ ಮಾಡು” ಎಂದಳು.

ಮಾಡಿದೆ. ಪಿನ್ನನ್ನೂ ಪೂರ್ತಿ ಒತ್ತಿದೆ. ಎರಡೂ ಸ್ಪೀಕರಿನಿಂದ ಅವ್ವ ಹೊಳೆಯ ತುಂಬ ಹಾಡಿದಳು. ಪದ ಮುಗಿಯಿತು, ಚಿಕ್ಕಮ್ಮನ ನಗು ಬಂತು, ಆಮೇಲೆ ಅಂದು ಅಡುಗೆಮನೆಯಲ್ಲಿ ಅಭ್ಯಾಸಕ್ಕೆಂದು ಅವ್ವ ಅಂದಿದ್ದ ಮಾತು ಬಂತು. “ಹೇಳ್ರಿ ಬೀಗತ್ಯಾರ, ಈಗ ಉತ್ತರಾ ಹೇಳ್ರಿ.”

ಹಲ್ಲಿಲ್ಲದ ಮುದುಕಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಸೊಸೆಯ ತೊಡೆಗೆ ತಿವಿದಳು. “ಹೇಳ ಬೇ, ಉತ್ತರಾ ಹೇಳು! ನನ್ನ ಮುಂದ ಅಷ್ಟ ನಿಂದು ಬಾಯಿ ದೊಡ್ಡದೇನು? ಬರದಿದ್ರ ಕುಪ್ಪಸದ ಅರಿವಿ ಕೊಡು. ರೀತಿ ಅಂದ್ರ ರೀತಿ.”

ಬೀಗಿತ್ತಿಗೆ ಉತ್ತರ ಬರಲಿಲ್ಲ. ದಡಕ್ಕೆ ಬಂದಮೇಲೆ, ಮುದುಕಿ ಕಾವಲು ನಿಂತಿರುವಾಗ, ಜವಳದ ಉಡುಗೊರೆಗೆಂದು ತಂದಿದ್ದ ಚೀಲದಿಂದ ಜರಿ ಅಂಚಿನ ಹಸಿರು ಕುಪ್ಪಸದ ಬಟ್ಟೆ ತೆಗೆದು ಅವ್ವನ ಹಣೆಗೆ ಕುಂಕುಮ ಹಚ್ಚಿ ಕೊಟ್ಟಳು. ಮುಖ ಹೊಳೆಯ ಕಡೆ ಇತ್ತು. ಅವ್ವ ಎರಡೂ ಕೈಯಿಂದ ತೆಗೆದುಕೊಂಡಳು.

ತಂಗಿ ಕೆಲವು ವಾರ ನನ್ನ ಫೋನ್ ಎತ್ತಲಿಲ್ಲ. ಆಮೇಲೆ ತಾನೇ ಮಾಡಿದಳು. ಮುದುಕಿ ಆ ಪದ ಕಲಿತುಬಿಟ್ಟಿದ್ದಾಳಂತೆ. ಸೊಸೆ ದನಿ ಎತ್ತರಿಸಿದರೆ ಸಾಕು, ಹಾಸಿಗೆಯಲ್ಲೇ ಕೂತು ಕಾರಿನ ಬಾಗಿಲು ಶುರು ಮಾಡುತ್ತಾಳಂತೆ. ಹೇಳುವಾಗ ತಂಗಿಗೆ ನಗು ತಡೆಯಲಾಗಲಿಲ್ಲ.

ಆ ಹಸಿರು ಬಟ್ಟೆಯನ್ನು ಹೊಲಿಸೋಣವೇ ಎಂದು ಅವ್ವನನ್ನು ಕೇಳಿದೆ. ಅವಳು ಬೇಡವೆಂದು ತಲೆಯಾಡಿಸಿ, ಕತ್ತರಿ ತಂದು, ಬಟ್ಟೆಯನ್ನು ನಡುವೆ ಸೀಳಿ ಬಿಸಿ ಪಾತ್ರೆ ಹಿಡಿಯುವ ಎರಡು ಮಸಿಅರಿವೆ ಮಾಡಿದಳು. ದಿನದ ಅಡುಗೆಗೆ ಅವನ್ನು ಮುಟ್ಟುವುದಿಲ್ಲ, ಒಗೆದು ಮಡಚಿ ಟ್ರಂಕಿನಲ್ಲಿ ಇಡುತ್ತಾಳೆ. ಬೀಗಿತ್ತಿ ನಮ್ಮ ಮನೆಗೆ ಬಂದ ದಿನ ಮಾತ್ರ ಹೊರಗೆ ತೆಗೆದು, ಜರಿ ಅಂಚು ಕಾಣುವಂತೆ ಹಿಡಿದು, ಸಾರಿನ ಬಿಸಿ ಪಾತ್ರೆಯನ್ನು ಆಕೆಯ ಎಲೆಯ ಮುಂದೆ ತಂದು ಇಳಿಸುತ್ತಾಳೆ.