ದುದ್ದದ ತಕರಾರು

ಬೋರೇಗೌಡರೇ, ನಿಮ್ಮ ನೆನಪು ಸರಿಯಾಗಿಯೇ ಇತ್ತು. ಸುಳ್ಳು ಹೇಳಿದವನು ನಾನು. ಇಷ್ಟು ಸಣ್ಣ ಎರಡು ಮಾತು ಬರೆಯಲಾರದೆ ನಾಲ್ಕು ವರ್ಷದಿಂದ ಬ್ಲಾಗಿನಲ್ಲಿ ಲೋಕದ ಮೇಲೆಲ್ಲ ಪುಟಗಟ್ಟಲೆ ಬರೆದುಕೊಂಡು ಕೂತಿದ್ದೇನೆ. ಈಗಲೂ ನೆಟ್ಟಗೆ ಕೂರಲಾಗುತ್ತಿಲ್ಲ — ಟೈಪು ಮಾಡುತ್ತೇನೆ, ಅಳಿಸುತ್ತೇನೆ, ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ.

ನಮ್ಮಿಬ್ಬರ ವಿಚಾರ ಗೊತ್ತಿಲ್ಲದೆ ಇದನ್ನು ಓದುತ್ತಿರುವವರೂ ಇದ್ದಾರೆ. ಹೊಳೆನರಸೀಪುರದಲ್ಲಿ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದಾಗ ತಿಂಗಳಿಗೊಂದು ನಾಲ್ಕು ಪುಟದ ಪತ್ರಿಕೆ ಶುರು ಮಾಡಿದೆ. ಪ್ರಪಂಚ ಏನು ತಿನ್ನುತ್ತಿದೆ, ಯಾವ ಕಸುಬು ಮುಳುಗುತ್ತಿದೆ, ಯಾವುದು ಏಳುತ್ತಿದೆ — ಇಂಥವೇ. ಹಾಸನದಲ್ಲಿ ಜೆರಾಕ್ಸ್ ಮಾಡಿಸಿ, ಮನೆಯಲ್ಲಿ ಮಡಚಿ, ಅರಕಲಗೂಡು, ಚನ್ನರಾಯಪಟ್ಟಣ, ಗೊರೂರು ಅಣೆಕಟ್ಟಿನ ಕ್ವಾರ್ಟರ್ಸಿನವರೆಗೂ ಅಂಚೆಗೆ ಹಾಕುತ್ತಿದ್ದೆ. ಇಪ್ಪತ್ತೆರಡು ವರ್ಷ ನಡೆಯಿತು. ಕೊನೆಯ ಪುಟದಲ್ಲಿ ಮಾತ್ರ ‘ದುದ್ದದ ತಕರಾರು’. ಅದು ನಿಮ್ಮದು. ಬೆಳಗ್ಗೆ ನಿಮ್ಮೂರು ದುದ್ದದ ಡೈರಿಯಲ್ಲಿ, ನೀರು ಬೆರೆತಿದೆಯೇ ಎಂದು ಹಾಲಿನ ಡಿಗ್ರಿ ನೋಡಿ ಮುಗಿಸಿ, ನನ್ನ ಬರಹ ಓದಿ, ಎಲ್ಲಿ ತಪ್ಪಿದೆನೆಂದು ಒಂದು ಕಾರ್ಡು ಗೀಚುತ್ತಿದ್ದಿರಿ. ಅದನ್ನು ಮುಂದಿನ ಸಂಚಿಕೆಯಲ್ಲಿ ಒಂದಕ್ಷರ ಬದಲಿಸದೆ ಅಚ್ಚು ಮಾಡುವುದು ನಮ್ಮ ಕರಾರು. ನಿಜ ಹೇಳಬೇಕೆಂದರೆ ಬಹಳ ಜನ ಪತ್ರಿಕೆಯನ್ನು ಕೊನೆಯ ಪುಟದಿಂದಲೇ ಓದುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಒಂದು ಸಲ ಬರೆದೆ: ಪ್ರಪಂಚವೆಲ್ಲ ಅಕ್ಕಿ, ಗೋಧಿಯ ಕಡೆ ಹೊರಟಿದೆ, ಇನ್ನೊಂದು ತಲೆಮಾರಿಗೆ ರಾಗಿ ಕೇಳುವವರಿರುವುದಿಲ್ಲ. ವಾರದೊಳಗೆ ನಿಮ್ಮ ಕಾರ್ಡು ಬಂತು. “ಮೇಷ್ಟ್ರೇ, ನೀವು ಬರ್ದಿರೋದು ತಪ್ಪು. ಮುದ್ದೆ ಎಲ್ಲೂ ಓಗಲ್ಲ. ಇವತ್ತು ನೆಂಟ್ರು ಮುಂದೆ ಮುದ್ದೆ ಇಡಕ್ಕೆ ನಾಚ್ಕೊಳೋರೇ ನಾಳೆ ಸಕ್ಕರೆ ಕಾಯ್ಲೆ ಬಂದ್ಮೇಲೆ ಡಾಕ್ಟ್ರು ಏಳುದ್ರು ಅಂತ ಚೀಲ ಇಡ್ಕೊಂಡು ನಮ್ಮೂರ್ಗೆ ಬತ್ತಾರೆ. ಬೇಕಾದ್ರೆ ಬರ್ದಿಟ್ಕೊಳಿ.” ಹಾಗೇ ಅಚ್ಚು ಹಾಕಿ, ಓದಿ ಓದಿ ನಕ್ಕೆ.

ಆಮೇಲೆ ಪತ್ರಿಕೆ ನಿಲ್ಲಿಸಿ ಬ್ಲಾಗು ಮಾಡಿದೆ. ಹಳೆಯ ಸಂಚಿಕೆಗಳನ್ನೆಲ್ಲ ಕೂತು ಮತ್ತೆ ಟೈಪು ಮಾಡಬೇಕಾಯಿತು. ನಿಮ್ಮ ಮೊದಲ ಕಾರ್ಡಿದ್ದ ಪುಟಕ್ಕೆ ಬಂದಾಗಲೇ ಕೈ ತಡೆಯಿತು — ಇನ್ನು ಎಲ್ಲೆಲ್ಲಿಯವರೋ ಓದುತ್ತಾರೆ, ಪ್ರತಿ ಸಲವೂ ಕೊನೆಯಲ್ಲಿ ಒಬ್ಬರು ನನ್ನ ಕಿವಿ ಹಿಂಡುವುದೇ? ನಿಮ್ಮ ಪುಟಗಳನ್ನೆಲ್ಲ ಬಿಟ್ಟೆ. ನೀವು ಕೇಳಿದ್ದಕ್ಕೆ, ಕಂಪ್ಯೂಟರು ಆ ಪುಟ ತೆಗೆದುಕೊಳ್ಳುತ್ತಿಲ್ಲ ಎಂದೆ. “ಬುಡಿ ಮೇಷ್ಟ್ರೇ, ಮಿಷನ್‌ಗೇನ್ ಗೊತ್ತು ದುದ್ದ ಎಲ್ಲೈತೆ ಅಂತ” ಎಂದು ನಕ್ಕಿರಿ.

ಅಷ್ಟಕ್ಕೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ. ರಾಗಿಯ ಲೇಖನಕ್ಕೆ ಬಂದೆ. ಅಷ್ಟರಲ್ಲಿ ಲೋಕವೆಲ್ಲ ಸಿರಿಧಾನ್ಯ, ರಾಗಿ ಎಂದು ಕುಣಿಯುತ್ತಿತ್ತು. ನನ್ನ ಮಾತನ್ನು ಅಳಿಸಿದೆ. ನಿಮ್ಮ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಿ ನನ್ನದೆಂದು ಬರೆದೆ. ಮೇಲೆ ಹಳೆಯ ತಾರೀಕನ್ನೇ ಹಾಕಿದೆ. ‘ಅಷ್ಟು ಮೊದಲೇ ಹೇಗೆ ಕಂಡಿರಿ ಸರ್’ ಎಂದು ಜನ ಕೇಳಿದರು. ಧನ್ಯವಾದ ಎಂದು ಉತ್ತರ ಕೊಟ್ಟೆ, ಒಬ್ಬೊಬ್ಬರಿಗೂ.

ಒಂದು ಮಧ್ಯಾಹ್ನ ನಿಮ್ಮ ಫೋನು ಬಂತು. ನಿಮ್ಮ ಸೊಸೆ ಶೋಭಾ ಮೊಬೈಲಿನಲ್ಲಿ ಅದನ್ನು ಓದಿ ಹೇಳಿದ್ದರಂತೆ. ಸ್ಪೀಕರ್ ಹಾಕಿದ್ದಿರಿ. ಹಿಂದೆ ನಿಮ್ಮ ಮಗನ ಮಾತು, ಪಾತ್ರೆಯ ಸದ್ದು ಎಲ್ಲ ಕೇಳುತ್ತಿತ್ತು.

“ಮೇಷ್ಟ್ರೇ, ರಾಗಿ ವಿಚಾರ ನೀವು ಇಂಗ್ ಬರ್ದಿದ್ರಾ? ನಾನೇ ತಕರಾರು ತೆಗ್ದಿದ್ದೆ ಅಂತ ಗ್ಯಾಪ್ಕ ನನ್ಗೆ.”

ಒಂದು ಗಳಿಗೆ — ಇತ್ತು, ಹೇಳಿಬಿಡಲು ಒಂದು ಗಳಿಗೆ ಇತ್ತು. ನಾನು ಹೇಳಿದ್ದು ಇದು: “ವಯಸ್ಸಾಯ್ತಲ್ಲ ಗೌಡ್ರೇ, ಮರೆವು ಸಹಜ.”

ನೀವು ವಾದ ಮಾಡಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ಒಂದು ಮಾತನ್ನೂ ಸುಮ್ಮನೆ ಬಿಡದವರು ಅವತ್ತು ಮಾತ್ರ “ಅಂಗೇ ಇರ್ಬೌದು ಬುಡಿ” ಎಂದು ಫೋನು ಇಟ್ಟಿರಿ.

ಹೋದ ವಾರ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಶೋಭಾ ಸಿಕ್ಕಿದ್ದರು. ನೀವು ಹೇಗಿದ್ದೀರಿ ಎಂದು ಕೇಳಿದೆ. “ಮಾವ ಡೈರಿ ಮೀಟಿಂಗ್‌ಗೂ ಓಗಲ್ಲ ಸಾ. ಮೊದ್ಲು ಯಾರ್ ಹಸ ಯಾವಾಗ ಕರು ಆಕ್ತು ಅಂತ ಊರೋರೆಲ್ಲ ಅವ್ರುನ್ನೇ ಕೇಳೋರು. ಈಗ ಕೇಳುದ್ರೆ, ‘ನನ್ ಗ್ಯಾಪ್ಕ ನಂಬ್‌ಬ್ಯಾಡಿ, ಮೇಷ್ಟ್ರೇ ಏಳವ್ರೆ’ ಅಂತಾರೆ,” ಎಂದರು. ಬಸ್ಸು ಬಂತೆಂದು ಹೇಳಿ ಹತ್ತಿಕೊಂಡೆ. ಹೊಳೆನರಸೀಪುರ ಬಂದು ಇಳಿಯುವುದನ್ನೂ ಮರೆತು ಕೂತಿದ್ದೆ.

ಮೇಷ್ಟ್ರೇ ಹೇಳಿದ್ದಾರೆ. ಈ ಮೇಷ್ಟ್ರಿಗೆ ಕಳ್ಳತನ ಮುಚ್ಚಿಕೊಳ್ಳಬೇಕಿತ್ತು, ಅದಕ್ಕೆ ನಿಮ್ಮ ನೆನಪಿನ ಮೇಲೆ ನಿಮಗಿದ್ದ ನಂಬಿಕೆಯನ್ನೇ ಕಿತ್ತುಕೊಂಡೆ. ನನ್ನ ಬಗ್ಗೆ ನನಗೆ ಹೇಸಿಗೆಯಾಗಿದೆ.

ಇವತ್ತು ರಾಗಿಯ ಹಳೆಯ ಲೇಖನವನ್ನು ಇದ್ದ ಹಾಗೇ, ತಪ್ಪು ಸಮೇತ, ಬ್ಲಾಗಿಗೆ ಹಾಕಿದ್ದೇನೆ. ಕೆಳಗೆ ನಿಮ್ಮ ಕಾರ್ಡಿನ ಫೋಟೋ ಇದೆ. ಒಂದು ಕಾರ್ಡನ್ನೂ ಎಸೆದಿಲ್ಲ, ಬಿಸ್ಕತ್ತಿನ ಡಬ್ಬದಲ್ಲಿವೆ, ಎಲ್ಲವನ್ನೂ ಹಾಕುತ್ತೇನೆ. ಅಷ್ಟು ಸಾಲದು. ಆ ಸುಳ್ಳು ಕೇಳಿಸಿದ್ದು ನಿಮ್ಮ ಮನೆಯಲ್ಲಿ, ನಿಮ್ಮವರೆಲ್ಲರ ಎದುರಿಗೆ. ಭಾನುವಾರ ಬೆಳಗ್ಗೆ ಡಬ್ಬ ಹಿಡಿದು ದುದ್ದಕ್ಕೆ ಬರುತ್ತೇನೆ. ನಿಮ್ಮ ಮಗ, ಶೋಭಾ, ಎಲ್ಲರೂ ಇರಲಿ. ಅವರ ಮುಂದೆ ಕಾರ್ಡು ಓದಿ, ಕದ್ದದ್ದು ನಾನೆಂದು ಹೇಳುತ್ತೇನೆ. ಆಮೇಲೆ ನೀವು ಏನಂದರೂ — ಏನೂ ಅನ್ನದೆ ಎದ್ದು ಒಳಗೆ ಹೋದರೂ — ಅದನ್ನು ಒಂದಕ್ಷರ ಬದಲಿಸದೆ ಇಲ್ಲಿ ಬರೆಯುತ್ತೇನೆ. ಜಾಗ ಖಾಲಿ ಬಿಟ್ಟಿದ್ದೇನೆ.

ದುದ್ದದ ತಕರಾರು: