ಜ್ವರವಿಲ್ಲದ ಸನ್ನಿ

ಗಂಡ ಕಾಶಿರಾಮ ತನ್ನನ್ನು ಗುರುತಿಸದ ಆ ಸಂಜೆ ಮೋರಖಂಡಿಯ ಯಶೋದಾಬಾಯಿಗೆ ಮೊದಲು ಬಂದದ್ದು ನಗು. ಹುಲ್ಲಿನ ಹೊರೆ ಹೊತ್ತು ಹೊಲದಿಂದ ಬಂದವಳನ್ನು ನೋಡಿ ಅವನು, "ಯಾರ್ ಬೇಕಾಗ್ಯಾರವ್ವಾ ನಿಂಗ?" ಎಂದು ಕೇಳಿದ. ಮುದುಕನ ಚೇಷ್ಟೆ ಎಂದುಕೊಂಡಳು. ಆದರೆ ಅವನ ಮುಖದಲ್ಲಿ ಚೇಷ್ಟೆಯ ಸುಳಿವೇ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲ ಸರಿಯಿತ್ತು. ರೊಟ್ಟಿ ತಿಂದ, ಎತ್ತಿನ ಕೊರಳ ಹಗ್ಗ ಸವೆದದ್ದನ್ನು ಅವನೇ ತೋರಿಸಿದ. ಮಧ್ಯಾಹ್ನ ದಾಟುತ್ತಲೇ ಮಾತು ಮತ್ತೆ ದಿಕ್ಕು ತಪ್ಪಿತು. ಇರುವೆ ಹರಿದಾಡುತ್ತಿವೆ ಎಂದು ಬರಿಯ ಗೋಡೆಯನ್ನು ಒರೆಸಿದ. ಕೊಟ್ಟಿಗೆಯಲ್ಲೇ ಇದ್ದ ಎತ್ತುಗಳು ಕೊಹಿನೂರು ಎಂಬ ಊರಿನ ಹಾದಿ ಹಿಡಿದವೆಂದು ಎದ್ದು ಹೊರಟ. ಸ್ವಲ್ಪ ಹೊತ್ತಿಗೆ ಅಂಗಳದಲ್ಲೇ ಕುಳಿತು ತೂಕಡಿಸಿದ.

ಯಶೋದಾಬಾಯಿಗೆ ಏನೊಂದೂ ತಿಳಿಯದಾಯಿತು. ಹುಚ್ಚೆನ್ನೋಣವೆಂದರೆ ಬೆಳಿಗ್ಗೆ ಮನುಷ್ಯ ನೆಟ್ಟಗಿರುತ್ತಾನೆ. ಮುಪ್ಪಿನ ಮರೆವೆನ್ನೋಣವೆಂದರೆ ಹೋದ ವಾರದವರೆಗೂ ಊರಿನವರ ಮದುವೆ-ಮುಂಜಿಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿದ್ದವು. ಸನ್ನಿಯೆನ್ನೋಣವೆಂದರೆ ಮೈ ಬೆಚ್ಚಗೂ ಇಲ್ಲ. ನೆರೆಮನೆಯ ಜಿಜಾಬಾಯಿ ಗಾಳಿ ಸೋಕಿದೆಯೆಂದು ನಿವಾಳಿಸಿದಳು. ಬಂದವರೆಲ್ಲ ಅವನು ಮಲಗಿದ್ದ ಹೊರಸಿನ ಸುತ್ತ ನಿಂತು, ನಾ ಯಾರು ಹೇಳು, ನಾ ಯಾರು ಹೇಳು ಎಂದು ಕೇಳಿದಷ್ಟೂ ಅವನು ಬೆದರಿದ. ಬಾವಿಗೆ ಬಿದ್ದಾನೆಂಬ ಭಯಕ್ಕೆ ಮಗ ವೈಜಿನಾಥ ಅಪ್ಪನ ಕೈಗಳನ್ನು ಹೊರಸಿಗೆ ಕಟ್ಟಿದ. ಆಗ ಕಾಶಿರಾಮ ಒದ್ದಾಡಿದ ರೀತಿ ನೋಡಲಾಗದೆ ಯಶೋದಾಬಾಯಿ ಹಗ್ಗ ಬಿಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಒಬ್ಬಳೇ ಪಕ್ಕದಲ್ಲಿ ಕುಳಿತಳು.

ಅವನು ಅವಳ ಕೈ ಹಿಡಿದು ಕೇಶರಕ್ಕಾ ಎಂದು ಕರೆದ. ಕೇಶರಬಾಯಿ ಅವನ ಅಕ್ಕ, ಪ್ಲೇಗಿನಲ್ಲಿ ತೀರಿಹೋದವಳು. ಅಲ್ಲವೆನ್ನಬೇಕೋ ಹೌದೆನ್ನಬೇಕೋ ತೋಚದೆ ಯಶೋದಾಬಾಯಿ ಹೂಂ ಅಂದುಬಿಟ್ಟಳು.

"ನಮ್ಮ ಮನ್ಯಾಕಿಗಿ ಹೇಳಬ್ಯಾಡಕ್ಕಾ," ಎಂದು ಅವನು ದನಿ ತಗ್ಗಿಸಿದ. "ಉಚ್ಚಿ ಕಟ್ಟ್ಯದ. ಎಷ್ಟು ಕುಂತ್ರೂ ಹನಿ ಹನಿ ಬೀಳ್ತದ, ಅಷ್ಟೇ. ನಾಚಿಕಿ ಬರ್ತದ."

ಇದು ನಿಜವೋ, ಗೋಡೆಯ ಇರುವೆಗಳಂತೆ ಇದೂ ಇಲ್ಲದ್ದೋ? ಅವನು ಮತ್ತೆ ಮತ್ತೆ ಹಿತ್ತಲಿಗೆ ಹೋಗುತ್ತಿದ್ದದ್ದು, ಕೊಟ್ಟ ನೀರನ್ನು ಕುಡಿಯದೆ ಚೆಲ್ಲುತ್ತಿದ್ದದ್ದು ಈಗ ನೆನಪಾಯಿತು.

ಬೆಳಗಾಗುತ್ತಲೇ ಕಲ್ಯಾಣಕ್ಕೆ ಬಂಡಿ ಹೂಡಿಸಿದಳು. ಬಸವಕಲ್ಯಾಣಕ್ಕೆ ಆಗ ಕಲ್ಯಾಣವೆಂದೇ ಹೆಸರು, ಇನ್ನೂ ನಿಜಾಮರ ಆಳ್ವಿಕೆ. ಅಲ್ಲಿಯ ಹಕೀಮರು ನಾಡಿ ಹಿಡಿದು ನೋಡಿ, ಹುಮನಾಬಾದಿನ ದವಾಖಾನೆಗೆ ಒಯ್ಯಲು ಹೇಳಿದರು. ಹುಮನಾಬಾದಿನ ಡಾಕ್ಟರ್ ಜಲಾಲುದ್ದೀನ್ ಯಾವಾಗಿನಿಂದ ಹೀಗೆಂದು ಕೇಳಿದಾಗ ವೈಜಿನಾಥ ಗಾಳಿಯ ಮಾತು ತೆಗೆದ. ಮಗನೆದುರು, ಪರಗಂಡಸಿನೆದುರು ಆ ಮಾತು ಹೇಗೆ ಆಡುವುದು? ಯಶೋದಾಬಾಯಿ ಸೆರಗು ಮುಂದೆಳೆದು, ನೆಲ ನೋಡುತ್ತ ಹೇಳಿದಳು.

ಡಾಕ್ಟರು ಕಾಶಿರಾಮನ ಕಿಬ್ಬೊಟ್ಟೆ ಒತ್ತಿ ನೋಡಿದರು. ಬಿಗಿದುಕೊಂಡಿತ್ತು. ರಬ್ಬರಿನ ಸಣ್ಣ ನಳಿಕೆ ಹಾಕಿದರು, ಕಟ್ಟಿದ್ದ ಮೂತ್ರ ತಟ್ಟೆ ತುಂಬಿ ಬಂತು. ಇನ್ನು ಗುರುತು ಹಿಡಿಯುತ್ತಾನೆಂದು ಯಶೋದಾಬಾಯಿ ಬಾಗಿ ನಿಂತಳು. ಅವನು ಅವಳನ್ನು ದಿಟ್ಟಿಸಿ, ಆಮೇಲೆ ಮುಖ ತಿರುಗಿಸಿದ.

ಇದು ಸನ್ನಿಯೇ, ಎಂದರು ಡಾಕ್ಟರು. ವಯಸ್ಸಾದವರಿಗೆ ಜ್ವರವಿಲ್ಲದೆಯೂ ಬರುತ್ತದೆ, ಮೈಯ ತೊಂದರೆ ತಲೆಗೇರುತ್ತದೆ, ಇಳಿಯಲು ದಿನ ಬೇಕು. ಕಟ್ಟಬೇಡಿ, ಪರೀಕ್ಷೆ ಮಾಡಿದಂತೆ ಪ್ರಶ್ನೆ ಕೇಳಬೇಡಿ, ಹಗಲು ಬೆಳಕಿನಲ್ಲಿ ಕೂಡಿಸಿ, ಗುಟುಕು ಗುಟುಕಾಗಿ ನೀರು ಕೊಡಿ, ಒಬ್ಬರೇ ಹತ್ತಿರವಿದ್ದು ನೀವು ಯಾರೆಂದು ಮೆಲ್ಲಗೆ ಹೇಳುತ್ತಿರಿ ಎಂದರು.

"ನಾ ಅವರ ಅಕ್ಕ ಅಂತ ಹೂಂ ಅಂದೀನ್ರಿ. ತಪ್ಪಾಯ್ತೇನ್ರಿ?" ಎಂದಳು.

ಡಾಕ್ಟರು ನುಡಿದರು. "ಅದಕ್ಕ ನನ್ನ ಬಲ್ಲಿ ಜವಾಬ್ ಇಲ್ಲಮ್ಮಾ. ಹೂಂ ಅನ್ನದಿದ್ರ ನಮಗ ಈ ಮಾತು ತಿಳೀತಿರ್ಲಿಲ್ಲ."

ದವಾಖಾನೆಯ ಜಗಲಿಯಲ್ಲಿ ಅವಳು ಅವನನ್ನು ಬಿಟ್ಟು ಕದಲಲಿಲ್ಲ. ಅವನ ಅರಿವು ಒಂದು ಸಂಜೆ ಸ್ಪಷ್ಟವಾಗಿದ್ದರೆ ಮರುದಿನ ಮಸುಕು. ಕಡೆಗೊಂದು ದಿನ ಅವನು, "ಯಶೋದಾ, ಊಟ ಮಾಡಿಯೇನು?" ಎಂದು ಕೇಳಿದ.

ಕಾಶಿರಾಮ ಮತ್ತೆ ಹೊಲಕ್ಕೆ ಹೋದ. ಆದರೆ ತಾನು ಹುಮನಾಬಾದ್ ನೋಡಿಯೇ ಇಲ್ಲವೆಂದು ಸಾಯುವವರೆಗೂ ವಾದಿಸಿದ. ಮೊದಮೊದಲು ಅವಳು ಬಿಡಿಸಿ ಹೇಳುತ್ತಿದ್ದಳು. ಅವನು ಅಷ್ಟು ಖಂಡಿತವಾಗಿ ಹೇಳುವುದನ್ನು ಕೇಳಿ ಕೇಳಿ, ತಾವು ಅಲ್ಲಿಗೆ ಹೋದದ್ದು ನಿಜವೇ ಎಂದು ಕೆಲವೊಮ್ಮೆ ಅವಳಿಗೇ ಅನುಮಾನವಾಗುತ್ತಿತ್ತು.